ಮನೆ ಬಾಗಿಲಿನಿಂದ ತೆರೆದ ಕಡಲಿಗೆ: ಮರೀನಾ ಬರ್ತ್ ಆರಿಸುವ ಬಗೆ

ಮರೀನಾದಲ್ಲಿ, ಎಂದರೆ ಖಾಸಗಿ ದೋಣಿಗಳನ್ನು ಬಾಡಿಗೆಗೆ ನಿಲ್ಲಿಸುವ ಬಂದರಿನಲ್ಲಿ, ಬರ್ತ್ (ಒಂದು ದೋಣಿ ಕಟ್ಟುವ ಜಾಗ) ಹುಡುಕುವವರು ಸಾಮಾನ್ಯವಾಗಿ ಮೊದಲು ಮ್ಯಾಪ್ ತೆರೆದು ಮನೆಯಿಂದ ಯಾವ ಮರೀನಾ ಎಷ್ಟು ಕಿಲೋಮೀಟರ್ ಎಂದು ನೋಡುತ್ತಾರೆ. ಆಮೇಲೆ ಮೀಟರ್ ಉದ್ದಕ್ಕೆ ವರ್ಷದ ಬಾಡಿಗೆ ಎಷ್ಟೆಂದು ವಿಚಾರಿಸುತ್ತಾರೆ. ಈ ಎರಡು ಅಂಕಿಗಳನ್ನಷ್ಟೇ ನಂಬಿ ಕರಾರಿಗೆ ಸಹಿ ಹಾಕಿದರೆ ಒಂದೆರಡು ವರ್ಷದಲ್ಲಿ ದೋಣಿ ಕಟ್ಟಿದಲ್ಲೇ ಪಾಚಿ ಹಿಡಿಯುವ ಸಂಭವ ಹೆಚ್ಚು. ಮನೆಯ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ತೆರೆದ ನೀರಿನಲ್ಲಿ ಹಾಯಿ ಏರಿಸುವ ಹೊತ್ತಿನ ತನಕ ಎಷ್ಟು ಸಮಯ ಬೇಕು, ಅದೇ ದಾರಿಯಲ್ಲಿ ವಾಪಸ್ ಬರಲು ಎಷ್ಟು ಬೇಕು: ಮೊದಲು ಹೋಲಿಸಬೇಕಾದದ್ದು ಇದನ್ನು. ಬಾಡಿಗೆ, ಸೌಕರ್ಯ, ಕರಾರು ಎಲ್ಲವೂ ಇದಾದ ಮೇಲೆ.

ಹೊತ್ತಿನ ಲೆಕ್ಕ

ಎರಡು ಮರೀನಾಗಳನ್ನು ಇಟ್ಟುಕೊಂಡು ನೋಡೋಣ. ಮೊದಲನೆಯದು ನದಿಯ ಒಳಭಾಗದಲ್ಲಿದೆ, ರಸ್ತೆಯಲ್ಲಿ 45 ನಿಮಿಷ. ಎರಡನೆಯದು ಕಡಲಂಚಿನಲ್ಲೇ ಇದೆ, ರಸ್ತೆಯಲ್ಲಿ ಎರಡು ಗಂಟೆ. ಕಾರು ನಿಲ್ಲಿಸಿ, ಸಾಮಾನನ್ನು ತಳ್ಳುಗಾಡಿಗೆ ಹಾಕಿ, ಹೊದಿಕೆ ಬಿಚ್ಚಿ, ಎಂಜಿನ್ ಚಾಲೂ ಮಾಡಲು ಎರಡೂ ಕಡೆ 30 ನಿಮಿಷ ಬೇಕು. ಮೊದಲನೆಯದರಲ್ಲಿ ಲಾಕ್ ಗೇಟಿನ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲಿನ) ಮುಂದೆ ಸರದಿ ಕಾದು ದಾಟುವುದಕ್ಕೆ ಮತ್ತೆ 30 ನಿಮಿಷ. ಅಲ್ಲಿಂದ ಅಳಿವೆಗೆ 6 ನಾಟಿಕಲ್ ಮೈಲಿ. 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ವೇಗದಲ್ಲಿ 72 ನಿಮಿಷ. ಕೂಡಿದರೆ 177 ನಿಮಿಷ. ಎರಡನೆಯದರಲ್ಲಿ ತಡೆಗೋಡೆ ದಾಟಲು 10 ನಿಮಿಷ ಸಾಕು, ಒಟ್ಟು 160. ಮ್ಯಾಪಿನಲ್ಲಿ ದೂರ ಕಂಡದ್ದೇ ಕಡಲಿಗೆ ಹತ್ತಿರವಾಯಿತು. ಅದೂ ನದಿಯ ಸೆಳೆತ ಎದುರಿಲ್ಲದ ದಿನದ ಮಾತು. 2 ನಾಟ್ ಸೆಳೆತ ಎದುರಾದರೆ ಅದೇ 6 ಮೈಲಿಗೆ ಎರಡು ಗಂಟೆ ಹಿಡಿಯುತ್ತದೆ.

ಹಾಗೆಂದು ಹತ್ತಿರದ ಮರೀನಾ ಸೋತಿತು ಎನ್ನಲಾಗದು. ದೋಣಿಗೆ ಹೋಗುವ ಎಲ್ಲ ದಿನವೂ ಕಡಲಿಗೆ ಹೋಗುವ ದಿನವಲ್ಲ. ಬ್ಯಾಟರಿ ನೋಡಬೇಕು, ಬಿಲ್ಜ್ (ದೋಣಿಯ ತಳದಲ್ಲಿ ನೀರು ಸೇರುವ ಜಾಗ) ಪಂಪ್ ಪರೀಕ್ಷಿಸಬೇಕು, ಎಂಜಿನ್ ಆಯಿಲ್ ಬದಲಿಸಬೇಕು, ಗಾಳಿ ಜೋರಾಗುವ ಮುನ್ಸೂಚನೆ ಬಂದಾಗ ಹಗ್ಗ ಇಮ್ಮಡಿ ಮಾಡಬೇಕು. ಇಂಥ ಭೇಟಿಗಳಲ್ಲಿ ಅಳಿವೆಯ ಲೆಕ್ಕವೇ ಬರುವುದಿಲ್ಲ, ಬರೀ ರಸ್ತೆಯ ಲೆಕ್ಕ. ಆದ್ದರಿಂದ ಒಂದು ವರ್ಷದಲ್ಲಿ ಎಷ್ಟು ಸಲ ಕಡಲಿಗೆ, ಎಷ್ಟು ಸಲ ಕೆಲಸಕ್ಕೆ ಎಂದು ಮೊದಲು ಬರೆದುಕೊಳ್ಳಿ. ಹಳೆಯ ಮರದ ದೋಣಿ, ತಾವೇ ರಿಪೇರಿ ಮಾಡಿಕೊಳ್ಳುವ ದೋಣಿ ಇದ್ದವರಿಗೆ ರಸ್ತೆಯ ಹತ್ತಿರವೇ ಮೇಲು. ಹೊಸ ದೋಣಿ ಇಟ್ಟುಕೊಂಡು ಹಾಯಿ ಬಿಡುವುದೊಂದೇ ಉದ್ದೇಶವಾದರೆ ಕಡಲಿನ ಹತ್ತಿರ ಮೇಲು.

ರಸ್ತೆಯ ಮಟ್ಟಿಗೆ ನಮ್ಮ ಅಂದಾಜು ಹೀಗೆ. ಬಾಗಿಲಿನಿಂದ ಪಾಂಟೂನಿಗೆ (ದೋಣಿ ಕಟ್ಟುವ ತೇಲುಕಟ್ಟೆಗೆ) 45 ನಿಮಿಷದೊಳಗಿದ್ದರೆ ಕೆಲಸ ಮುಗಿಸಿ ಸಂಜೆ ಹೊರಟರೂ ಕಡಲು ಸಿಗುತ್ತದೆ. ಒಂದೂವರೆ ಗಂಟೆಯ ತನಕ ಒಂದು ದಿನದ ಪ್ರವಾಸ ಸಲೀಸು. ಎರಡು ಗಂಟೆ ದಾಟಿದರೆ ರಾತ್ರಿ ದೋಣಿಯಲ್ಲೇ ಮಲಗುವ ಮನಸ್ಸಿರಬೇಕು, ದೋಣಿಯೂ ಅದಕ್ಕೆ ತಕ್ಕಂತಿರಬೇಕು. ಮೂರು ಗಂಟೆಗಿಂತ ಹೆಚ್ಚಾದರೆ ಹೋಗುವ ಸಲ ಕಡಿಮೆಯಾಗಿ, ಹೋದಾಗ ಉಳಿಯುವ ದಿನ ಹೆಚ್ಚಾಗುತ್ತದೆ. ಅಂಥ ದೂರದ ಬರ್ತ್‌ಗೆ ಹಗ್ಗ, ಫೆಂಡರ್ (ದೋಣಿ ಉಜ್ಜದಂತೆ ಬದಿಗೆ ಕಟ್ಟುವ ಮೆತ್ತೆ), ಬಿಲ್ಜ್ ನೋಡಿಕೊಳ್ಳಲು ಸ್ಥಳದಲ್ಲೇ ಒಬ್ಬರು ಬೇಕು, ಅವರ ಸಂಬಳವನ್ನು ಬಾಡಿಗೆಯ ಜೊತೆಗೇ ಸೇರಿಸಿ ನೋಡಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಗಡಿಗಳನ್ನು ಇನ್ನೂ ಬಿಗಿ ಮಾಡಿಕೊಳ್ಳಬೇಕು.

ರಸ್ತೆಯ ಸಮಯವನ್ನು ಮ್ಯಾಪ್ ಆ್ಯಪ್‌ನಲ್ಲಿ ಮಧ್ಯರಾತ್ರಿ ನೋಡಿ ಪ್ರಯೋಜನವಿಲ್ಲ. ಶುಕ್ರವಾರ ಸಂಜೆ ಹೊರಡುವ ಹೊತ್ತಿಗೆ ಮತ್ತು ಭಾನುವಾರ ಸಂಜೆ ಮರಳುವ ಹೊತ್ತಿಗೆ ನೋಡಿ. ಸಾಧ್ಯವಾದರೆ ಅದೇ ಹೊತ್ತಿನಲ್ಲಿ ಒಮ್ಮೆ ಗಾಡಿ ಓಡಿಸಿಯೇ ಬನ್ನಿ. ಕಡಲೂರಿಗೆ ಒಂದೇ ರಸ್ತೆ ಇದ್ದರೆ ರಜಾಕಾಲದಲ್ಲಿ ಕೊನೆಯ ಹತ್ತು ಕಿಲೋಮೀಟರೇ ಇಡೀ ದಾರಿಯಷ್ಟು ಹೊತ್ತು ತಿನ್ನುತ್ತದೆ.

ಉಬ್ಬರದ ಗಡಿಯಾರ ಮತ್ತು ನಿಮ್ಮ ಶನಿವಾರ

ಉಬ್ಬರ-ಇಳಿತ ಅರ್ಧ ಮೀಟರಿಗಿಂತ ಕಡಿಮೆ ಇರುವ ಕಡಲಿನವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಮಿಕ್ಕವರಿಗೆ ಇದೇ ಮುಖ್ಯ. ಕೆಲವು ಮರೀನಾಗಳಲ್ಲಿ ಯಾವ ಹೊತ್ತಿನಲ್ಲಾದರೂ ಹೊರಬೀಳಬಹುದು. ಇನ್ನು ಕೆಲವಕ್ಕೆ ಬಾಯಲ್ಲಿ ಕಾಂಕ್ರೀಟಿನ ಹೊಸ್ತಿಲಿರುತ್ತದೆ. ಇಳಿತದಲ್ಲಿ ಒಳಗಿನ ನೀರು ಬಸಿದು ಹೋಗದಂತೆ ಅದು ತಡೆಯುತ್ತದೆ, ಜೊತೆಗೆ ದೋಣಿಯನ್ನೂ ತಡೆಯುತ್ತದೆ. ಜಾಹೀರಾತಿನಲ್ಲಿ ‘ಉಬ್ಬರಕ್ಕೆ ಮೂರು ಗಂಟೆ ಮುಂಚೆ, ಮೂರು ಗಂಟೆ ಬಳಿಕ ಪ್ರವೇಶ’ ಎಂದು ಬರೆದಿರುತ್ತದೆ. ಆ ಮಾತು ನಿಮ್ಮ ದೋಣಿಗೆ ಒಪ್ಪುತ್ತದೆಯೇ ಎಂದು ನೀವೇ ಲೆಕ್ಕ ಹಾಕಬೇಕು.

ಬೇಕಾದ ಅಂಕಿ ನಾಲ್ಕು: ಕಡಲ ನಕ್ಷೆಯ ಶೂನ್ಯಮಟ್ಟದಿಂದ (ನೀರಿನ ಏರಿಳಿತ ಅಳೆಯಲು ಇಟ್ಟುಕೊಂಡ ತಳಮಟ್ಟ) ಹೊಸ್ತಿಲಿನ ಎತ್ತರ, ನಿಮ್ಮ ದೋಣಿ ನೀರಿನಲ್ಲಿ ಮುಳುಗುವ ಆಳ, ಕೀಲ್ (ದೋಣಿಯ ತಳದಿಂದ ಕೆಳಕ್ಕೆ ಚಾಚಿದ ಭಾಗ) ಕೆಳಗೆ ಬಿಡುವ ಅಂತರ, ಮತ್ತು ಆ ಬಂದರಿನ ಉಬ್ಬರದ ಪಟ್ಟಿ. ಹೊಸ್ತಿಲು 2 ಮೀಟರ್, ದೋಣಿಯ ಆಳ 1.7, ಅಂತರ 0.5 ಎಂದಾದರೆ ನೀರು 4.2 ಮೀಟರ್ ಏರಿರಬೇಕು. ಆ ಬಂದರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ 6 ಮೀಟರ್, ಇಳಿತ 0.8 ಎಂದಿಟ್ಟುಕೊಳ್ಳಿ. ಆಗ ಉಬ್ಬರದ ಎರಡೂ ಬದಿಗೆ ಸುಮಾರು ಎರಡೂವರೆ ಗಂಟೆ ದಾರಿ ತೆರೆದಿರುತ್ತದೆ. ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರ 4.6, ಇಳಿತ 2.2 ಆದರೆ ಎರಡೂ ಬದಿಗೆ ಒಂದು ಗಂಟೆ ನಲವತ್ತು ನಿಮಿಷ ಮಾತ್ರ. ದೋಣಿಯ ಆಳ 2.2 ಮೀಟರ್ ಆಗಿದ್ದರೆ 4.7 ಬೇಕು, ಅಷ್ಟಮಿಯ ನೀರು ಅಷ್ಟು ಏರುವುದೇ ಇಲ್ಲ. ಅಂದರೆ ಹದಿನೈದು ದಿನಕ್ಕೊಮ್ಮೆ ಕೆಲವು ದಿನ ದೋಣಿ ಒಳಗೇ ಬಂದಿ. ಇದರ ಮೇಲೆ ವಾಯುಭಾರವನ್ನೂ ನೋಡಬೇಕು. ಒಂದು ಹೆಕ್ಟೋಪಾಸ್ಕಲ್ ಒತ್ತಡ ಏರಿದರೆ ಕಡಲಮಟ್ಟ ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ಒತ್ತಡ ಮಾಮೂಲಿಗಿಂತ 20 ಹೆಕ್ಟೋಪಾಸ್ಕಲ್ ಹೆಚ್ಚಿರುವ ತಿಳಿ ದಿನದಲ್ಲಿ ಪಟ್ಟಿಯಲ್ಲಿ ಬರೆದದ್ದಕ್ಕಿಂತ 20 ಸೆಂಟಿಮೀಟರ್ ನೀರು ಕಡಿಮೆ. ಹಾಯಿ ಬಿಡಲು ಹೇಳಿಮಾಡಿಸಿದಂಥ ದಿನವೇ ಹೊಸ್ತಿಲು ಅಡ್ಡ ಬರುವುದು ಇದೇ ಕಾರಣಕ್ಕೆ.

ಈಗ ಗಡಿಯಾರ. ದಿನಕ್ಕೆರಡು ಉಬ್ಬರ ಬರುವ ಕಡೆ ಒಂದರಿಂದ ಮತ್ತೊಂದಕ್ಕೆ 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ವಾರಕ್ಕೆ ಆರು ಗಂಟೆಗೆ ತುಸು ಕಡಿಮೆ. ಇನ್ನೊಂದು ಸಂಗತಿಯನ್ನು ತುಂಬಾ ಜನ ಗಮನಿಸುವುದಿಲ್ಲ: ಒಂದು ಬಂದರಿನಲ್ಲಿ ದೊಡ್ಡ ಉಬ್ಬರ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಅದು ಆ ಬಂದರಿನ ಸ್ವಭಾವ. ಕೆಲವೆಡೆ ಮಧ್ಯಾಹ್ನ-ಮಧ್ಯರಾತ್ರಿ, ಕೆಲವೆಡೆ ಬೆಳಗ್ಗೆ-ಸಂಜೆ ಆರಕ್ಕೆ.

ಮೇಲಿನ ಹೊಸ್ತಿಲನ್ನೇ ಎರಡು ಬಂದರಿನಲ್ಲಿಟ್ಟು ನೋಡಿ. ದೊಡ್ಡ ಉಬ್ಬರ ಮಧ್ಯಾಹ್ನ 12ಕ್ಕೆ ಬರುವ ಬಂದರಿನಲ್ಲಿ ಆ ಶನಿವಾರ ದಾರಿ 9:30ರಿಂದ 2:30ರ ತನಕ. ಹೊರಟು ಐದು ಗಂಟೆಯೊಳಗೆ ಮರಳಬೇಕು, ತಪ್ಪಿದರೆ ರಾತ್ರಿ ಹತ್ತರ ತನಕ ಹೊರಗೆ ಕಾಯಬೇಕು. ಮುಂದಿನ ಶನಿವಾರ ಸಣ್ಣ ಉಬ್ಬರ, ಬೆಳಗ್ಗೆ ಐದೂವರೆಗೆ ಮತ್ತು ಸಂಜೆ ಆರರ ಹೊತ್ತಿಗೆ. ಬೆಳಗ್ಗೆ 7:10ರೊಳಗೆ ಹೊರಬಿದ್ದರೆ ಸಂಜೆ 4:15ರಿಂದ 7:35ರ ನಡುವೆ ಯಾವಾಗ ಬೇಕಾದರೂ ಒಳಬರಬಹುದು. ಇಡೀ ದಿನ ಕಡಲಿನಲ್ಲಿ ಕಳೆಯುವವರಿಗೆ ಇದೇ ಚೆಂದದ ವಾರ, ಮನೆ ಹತ್ತಿರವಿದ್ದರೆ. ಎರಡು ಗಂಟೆ ದೂರದವರು ಬೆಳಗಿನ ಜಾವ ನಾಲ್ಕೂವರೆಗೇ ಮನೆ ಬಿಡಬೇಕು. ಇಲ್ಲವೇ ಹಿಂದಿನ ರಾತ್ರಿಯೇ ಬಂದು ದೋಣಿಯಲ್ಲಿ ಮಲಗಬೇಕು.

ದೊಡ್ಡ ಉಬ್ಬರ ಬೆಳಗ್ಗೆ-ಸಂಜೆ ಆರಕ್ಕೆ ಬರುವ ಬಂದರಿನಲ್ಲಿ ಇದು ತಲೆಕೆಳಗು. ದೊಡ್ಡ ಉಬ್ಬರದ ಶನಿವಾರ ಬೆಳಗ್ಗೆ ಎಂಟೂವರೆಯೊಳಗೆ ಹೊರಟು ಸಂಜೆ ನಾಲ್ಕರ ಮೇಲೆ ಬರಬಹುದು, ಬಹಳ ಅನುಕೂಲ. ಸಣ್ಣ ಉಬ್ಬರದ ಶನಿವಾರ ಮಾತ್ರ 10:20ರಿಂದ 1:40ರ ತನಕ, ಹಗಲಿನಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಅಷ್ಟೇ. ಒಂದು ದಿನದ ಪ್ರವಾಸ ಆ ವಾರ ಆಗುವ ಮಾತಲ್ಲ. ಶನಿವಾರ ಹೋಗಿ ಭಾನುವಾರ ಬರುವವರಿಗೆ ತೊಂದರೆಯಿಲ್ಲ, ಯಾಕೆಂದರೆ ಮರುದಿನದ ಉಬ್ಬರ ಬರೀ 50 ನಿಮಿಷ ತಡ.

ಹೀಗೆ ಒಂದು ವಾರ ದೊಡ್ಡದು, ಇನ್ನೊಂದು ವಾರ ಸಣ್ಣದು ಎಂದು ಕೆಲವು ತಿಂಗಳು ನಡೆಯುತ್ತದೆ. ಹದಿನಾಲ್ಕು ದಿನಕ್ಕೆ ಸುಮಾರು 40 ನಿಮಿಷದಂತೆ ಹಿಂದೆ ಸರಿಯುತ್ತ ಸರಿಯುತ್ತ ಚಿತ್ರ ಬದಲಾಗುತ್ತದೆ. ಆದ್ದರಿಂದ ಬರ್ತ್ ಹಿಡಿಯುವ ಮುಂಚೆ ಆ ಬಂದರಿನ ಉಬ್ಬರದ ಪಟ್ಟಿ ತೆಗೆದು, ನೀವು ಕಡಲಿಗೆ ಹೋಗುವ ತಿಂಗಳುಗಳ ಪ್ರತಿ ಶನಿವಾರಕ್ಕೂ ದಾರಿ ತೆರೆಯುವ, ಮುಚ್ಚುವ ಹೊತ್ತನ್ನು ಗುರುತು ಹಾಕಿಕೊಳ್ಳಿ. ಎಷ್ಟು ಶನಿವಾರ ನಿಜಕ್ಕೂ ಕೈಗೆ ಸಿಗುತ್ತವೆ ಎಂಬುದು ಅರ್ಧ ಗಂಟೆಯ ಕೆಲಸದಲ್ಲಿ ಗೊತ್ತಾಗುತ್ತದೆ. ಮರೀನಾ ಕಚೇರಿಯವರು ಈ ಲೆಕ್ಕ ಹಾಕಿ ಕೊಡುವುದಿಲ್ಲ. ಹೊಸ್ತಿಲಿಗಿಂತ ಒಳಗೆ, ಬರ್ತ್‌ಗೆ ಹೋಗುವ ಓಣಿಯಲ್ಲಿ ಹೂಳು ತುಂಬಿ ಆಳ ಇನ್ನೂ ಕಡಿಮೆಯಾಗಿರಬಹುದು. ಕೊನೆಯ ಸಲ ಹೂಳೆತ್ತಿದ್ದು ಯಾವಾಗ, ಮುಂದಿನದು ಯಾವಾಗ, ಅದರ ಖರ್ಚು ಬಾಡಿಗೆಯಲ್ಲೇ ಸೇರಿದೆಯೇ ಎಂದು ಕೇಳಿ.

ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಇದ್ದರೆ ಅದಕ್ಕೂ ಒಂದು ಲೆಕ್ಕವಿದೆ. ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಆಳ ಇಳಿದಾಗ ಅಲೆ ಒಡೆಯುತ್ತದೆ, ಎಂದರೆ 2 ಮೀಟರ್ ಅಲೆಗೆ 2.6 ಮೀಟರ್ ನೀರು. ಇಳಿತದ ನೀರು ಹೊರಕ್ಕೆ ಹರಿಯುವಾಗ ಗಾಳಿ ಕಡಲಿನಿಂದ ಒಳಕ್ಕೆ ಬೀಸಿದರೆ ಅಲೆ ಇನ್ನೂ ಕಡಿದಾಗಿ ಏಳುತ್ತದೆ. ಒಳಗಿನ ಬರ್ತ್ ಕೊಳದಂತೆ ಶಾಂತವಾಗಿದ್ದರೂ ಅಳಿವೆ ದಿನಗಟ್ಟಲೆ ಮುಚ್ಚಿಹೋಗುವ ಊರುಗಳಿವೆ. ಅದಕ್ಕಿಂತ ಮುಖ್ಯವಾಗಿ, ಹೊರಗಿದ್ದವರು ಒಳಬರಲಾಗದ ಸ್ಥಿತಿ ಬರುತ್ತದೆ. ಅಂಥ ಮರೀನಾ ಹಿಡಿಯುವುದಾದರೆ ಎಲ್ಲ ಹವೆಯಲ್ಲೂ ಪ್ರವೇಶ ಇರುವ ಇನ್ನೊಂದು ಬಂದರು ಎಷ್ಟು ದೂರದಲ್ಲಿದೆ ಎಂದು ಗುರುತಿಸಿಟ್ಟುಕೊಳ್ಳಿ.

ತೆರೆಯುವ ಸೇತುವೆ ದಾರಿಯಲ್ಲಿದ್ದರೆ ಅದರ ವೇಳಾಪಟ್ಟಿ ನೋಡಿ. ಎಷ್ಟೋ ಕಡೆ ವಾಹನ ದಟ್ಟಣೆಯ ಹೊತ್ತಿನಲ್ಲಿ ಸೇತುವೆ ತೆರೆಯುವುದಿಲ್ಲ, ಶುಕ್ರವಾರ ಸಂಜೆ ನೀವು ಬರುವುದು ಅದೇ ಹೊತ್ತಿಗೆ. ಸ್ಥಿರ ಸೇತುವೆಯಾದರೆ ಕಂಬದ ತುದಿಯ ಆಂಟೆನಾ, ಗಾಳಿಮಾಪಕ ಎಲ್ಲ ಸೇರಿಸಿ ಎತ್ತರ ಅಳೆಯಿರಿ.

ತೇಲುಕಟ್ಟೆಯೋ, ಬೋಯಿಯೋ, ಕೆಸರೋ, ಕಪಾಟೋ

ಪಾಂಟೂನ್ ಬರ್ತ್ ಎಂದರೆ ನೀರಿನ ಜೊತೆ ಏರಿಳಿಯುವ ತೇಲುಕಟ್ಟೆ. ನಡೆದು ದೋಣಿ ಹತ್ತಬಹುದು, ನೀರು ಮತ್ತು ಕರೆಂಟು ಪಕ್ಕದಲ್ಲೇ ಇರುತ್ತದೆ. ಬಾಡಿಗೆ ಎಲ್ಲಕ್ಕಿಂತ ಹೆಚ್ಚು. ವಾರದ ನಡುವೆ ಎರಡು ಗಂಟೆ ಬಿಡುವು ಸಿಕ್ಕರೂ ದೋಣಿಗೆ ಹೋಗಿಬರಬಹುದಾದ್ದರಿಂದ ಹತ್ತಿರ ವಾಸಿಸುವವರಿಗೆ ಈ ಹೆಚ್ಚುವರಿ ಹಣ ದಂಡವಲ್ಲ.

ಬೋಯಿಗೆ, ಎಂದರೆ ತಳಕ್ಕೆ ಸರಪಳಿಯಿಂದ ಬಿಗಿದ ತೇಲುಗುಂಡಿಗೆ, ಕಟ್ಟುವ ವ್ಯವಸ್ಥೆ ಅಗ್ಗ. ದೋಣಿ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ನಿಲ್ಲುವುದರಿಂದ ಬಿರುಗಾಳಿಯಲ್ಲಿ ಪಕ್ಕದ ದೋಣಿಗೆ, ಕಟ್ಟೆಗೆ ಉಜ್ಜುವ ಭಯವಿಲ್ಲ, ಒಳಗೆ ಗಾಳಿಯೂ ಚೆನ್ನಾಗಿ ಆಡುತ್ತದೆ. ಆದರೆ ದಡದಿಂದ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಬೇಕು, ಸಾಮಾನು ಸಾಗಿಸಬೇಕು. ಕತ್ತಲಲ್ಲಿ ವಾಪಸ್ ಬರುವುದು ಇಡೀ ಪ್ರವಾಸದ ಅತಿ ಅಪಾಯದ ಗಳಿಗೆ, ಲೈಫ್ ಜಾಕೆಟ್ ಹಾಕಿಕೊಳ್ಳದೆ ಆ ಸಣ್ಣ ದೋಣಿಗೆ ಕಾಲಿಡಬೇಡಿ. ಹೊತ್ತಿನ ಲೆಕ್ಕಕ್ಕೆ ಇದನ್ನೂ ಸೇರಿಸಿದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಮತ್ತೆ, ನೀರಿನಡಿ ಇರುವುದು ಕಣ್ಣಿಗೆ ಕಾಣದು. ತಳದಲ್ಲಿ ಕಾಂಕ್ರೀಟ್ ದಿಮ್ಮಿ ಇದೆ, ಒಂದು ಟನ್ ಎನ್ನುತ್ತಾರೆ. ನೀರಿನಲ್ಲಿ ಕಾಂಕ್ರೀಟ್ ತನ್ನ ತೂಕದ ಶೇ 40ಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ, ಹಿಡಿದು ನಿಲ್ಲಿಸುವುದು 600 ಕಿಲೋಗೂ ಕಡಿಮೆ. ಅದೇ ತೂಕದ ಎರಕದ ಕಬ್ಬಿಣವಾದರೆ ನಷ್ಟ ಶೇ 14ರಷ್ಟೇ. ತಳದ ಮೇಲೆ ಸದಾ ಹೊರಳಾಡುವ ಭಾಗದಲ್ಲಿ ಸರಪಳಿ ಬೇಗ ಸವೆಯುತ್ತದೆ, ಅದನ್ನು ಜೋಡಿಸುವ ಕೊಂಡಿಗಳಾದ ಶ್ಯಾಕಲ್‌ಗಳ ಪಿನ್ ಸಡಿಲಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಮೇಲೆತ್ತಿಯೋ ಮುಳುಗುಗಾರರಿಂದಲೋ ತಪಾಸಣೆ ಆಗಬೇಕು. ಆ ವರದಿಯನ್ನು ಕೇಳಿ ನೋಡಿ, ವಿಮೆಯವರೂ ಅದನ್ನು ಕೇಳಬಹುದು.

ಇಳಿತದಲ್ಲಿ ನೀರಿಲ್ಲದೆ ಕೆಸರಿನ ಮೇಲೆ ಕೂರುವ ಬರ್ತ್ ಇನ್ನೂ ಅಗ್ಗ. ಜೋಡಿ ಕೀಲ್ ಅಥವಾ ಎತ್ತುವ ಕೀಲ್ ಇರುವ ದೋಣಿಗೆ ಮಾತ್ರ ಇದು ಸರಿ, ತಳ ಮೆತ್ತನೆಯ ಕೆಸರಾಗಿರಬೇಕು. ಎಂಜಿನ್ ತಂಪಾಗಿಸುವ ನೀರಿನ ಒಳದಾರಿಗೆ ಕೆಸರು ತುಂಬುತ್ತದೆ, ಪ್ರತಿ ಸಲ ಹೊರಡುವ ಮುಂಚೆ ಸ್ಟ್ರೈನರ್ (ನೀರು ಸೋಸುವ ಜಾಲರಿ) ಬಿಚ್ಚಿ ನೋಡಬೇಕು. ಮೋಟಾರ್ ಬೋಟ್‌ಗಳನ್ನು ಫೋರ್ಕ್‌ಲಿಫ್ಟ್‌ನಿಂದ ಎತ್ತಿ ದಡದ ಮೇಲಿನ ಅಂತಸ್ತುಗಳಲ್ಲಿ ಇಡುವ ಪದ್ಧತಿಯೂ ಇದೆ. ತಳಕ್ಕೆ ಪಾಚಿ ಹಿಡಿಯದು, ವಿಷಬಣ್ಣ ಬಳಿಯುವ ಖರ್ಚಿಲ್ಲ. ಮುಂಚಿತವಾಗಿ ಫೋನ್ ಮಾಡಿ ಇಳಿಸಲು ಹೇಳಬೇಕು. ದಿನಕ್ಕೆ ಎಷ್ಟು ಸಲ ಇಳಿಸುತ್ತಾರೆ, ಸಂಜೆ ಎಷ್ಟು ಹೊತ್ತಿನ ತನಕ ಎತ್ತುತ್ತಾರೆ, ಗಾಳಿ ಎಷ್ಟಾದರೆ ಕೆಲಸ ನಿಲ್ಲಿಸುತ್ತಾರೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು.

ನಮ್ಮ ತೀರ್ಮಾನ ಸರಳ. ರಸ್ತೆ ಒಂದು ಗಂಟೆಯೊಳಗಿದ್ದು ಆಗಾಗ ಹೋಗುವವರಿಗೆ ಪಾಂಟೂನ್. ದೂರದಿಂದ ಬಂದು ಮೂರು-ನಾಲ್ಕು ದಿನ ದೋಣಿಯಲ್ಲೇ ಉಳಿಯುವವರಿಗೆ ಗಟ್ಟಿಯಾದ ಬೋಯಿಯೂ ಆಗಬಹುದು, ಆದರೆ ಅದರ ಮೇಲೆ ಕಣ್ಣಿಡುವವರು ಹತ್ತಿರವಿರಬೇಕು.

ಒಂದೇ ಮರೀನಾದೊಳಗೆ ಬರ್ತ್‌ಗೂ ಬರ್ತ್‌ಗೂ ಇರುವ ವ್ಯತ್ಯಾಸ

ಉದ್ದವನ್ನು ದೋಣಿಯ ಕಾಗದ ನೋಡಿ ಹೇಳಬೇಡಿ. ಮೂತಿಯಿಂದ ಹೊರಚಾಚಿದ ಲಂಗರು, ಹಿಂದಿನ ಈಜು ಮೆಟ್ಟಿಲು, ನೇತುಹಾಕಿದ ಸಣ್ಣ ದೋಣಿ ಎಲ್ಲ ಸೇರಿಸಿ ಟೇಪ್ ಹಿಡಿದು ಅಳೆಯಿರಿ. ಕಾಗದದಲ್ಲಿ 9.6 ಇರುವ ದೋಣಿ ಟೇಪಿನಲ್ಲಿ 10.4 ಆಗುವುದು ಮಾಮೂಲಿ. ಬಾಡಿಗೆಯ ಹಂತವೂ ಆಗ ಬದಲಾಗುತ್ತದೆ.

ಎರಡು ಫಿಂಗರ್‌ಗಳ (ಪಾಂಟೂನಿನಿಂದ ಬೆರಳಿನಂತೆ ಚಾಚಿದ ಕಿರುಕಟ್ಟೆಗಳ) ನಡುವೆ ಎರಡು ದೋಣಿ ನಿಲ್ಲುವ ಜಾಗವಾದರೆ ಅಗಲ ನೋಡಿ. ಫಿಂಗರ್‌ಗಳ ನಡುವೆ 7.5 ಮೀಟರ್, ನಿಮ್ಮ ದೋಣಿ 3.3, ಪಕ್ಕದ್ದು 3.4 ಎಂದಾದರೆ ಉಳಿಯುವುದು 80 ಸೆಂಟಿಮೀಟರ್. ಎರಡು ಹೊರಬದಿ, ಒಂದು ನಡು ಎಂದು 20 ಸೆಂಟಿಮೀಟರಿನ ಮೂರು ಸಾಲು ಫೆಂಡರ್ ಹಾಕಿದರೆ 20 ಮಾತ್ರ ಬಾಕಿ. ಗಾಳಿಯ ದಿನ ಇದು ಸಾಲದು. ಫಿಂಗರ್‌ನ ಉದ್ದ ದೋಣಿಯ ಮೂರನೇ ಎರಡು ಭಾಗವಾದರೂ ಇರಬೇಕು. ಗಿಡ್ಡ ಫಿಂಗರ್‌ನ ತುದಿಗೆ ಇಳಿದರೆ ಅದು ಕಾಲಡಿಯಲ್ಲಿ ಮುಳುಗಿ ಓಲಾಡುತ್ತದೆ, ಸ್ಪ್ರಿಂಗ್ ಹಗ್ಗ (ದೋಣಿ ಹಿಂದೆ ಮುಂದೆ ಸರಿಯದಂತೆ ಓರೆಯಾಗಿ ಕಟ್ಟುವ ಹಗ್ಗ) ಕಟ್ಟಲು ಸರಿಯಾದ ಕೋನವೂ ಸಿಗುವುದಿಲ್ಲ. ಪಾಂಟೂನ್ ಸಾಲುಗಳ ನಡುವಿನ ಓಣಿ ಅಲ್ಲಿನ ಅತಿ ಉದ್ದದ ದೋಣಿಯ ಒಂದೂವರೆ ಪಟ್ಟಾದರೂ ಅಗಲವಿರಬೇಕು. ಅದಕ್ಕಿಂತ ಕಡಿಮೆಯಾದರೆ ತಿರುಗಿಸುವಾಗ ಎರಡನೇ ಅವಕಾಶವಿಲ್ಲ.

ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ: 15 ನಾಟ್ 30 ಆದರೆ ದೂಡುವ ಬಲ ನಾಲ್ಕು ಪಟ್ಟು. ಅಲ್ಲಿ ಹೆಚ್ಚಾಗಿ ಬೀಸುವ ಗಾಳಿ ಬರ್ತ್‌ಗೆ ಎದುರಿನಿಂದ ಬಂದರೆ ಒಳಹೋಗುವಾಗ ದೋಣಿ ತಾನೇ ನಿಧಾನವಾಗುತ್ತದೆ, ಕಟ್ಟಿದ ಮೇಲೆ ಮಳೆ ಒಳಬಾಗಿಲಿಗೆ ಹೊಡೆಯುವುದಿಲ್ಲ. ಬೆನ್ನಿನಿಂದ ಬಂದರೆ ನಿಲ್ಲಿಸುವುದೇ ಕಷ್ಟ. ಅಡ್ಡ ಗಾಳಿಯಾದರೆ ದೋಣಿಯನ್ನು ಫಿಂಗರ್‌ನಿಂದ ದೂರ ತಳ್ಳುವುದಕ್ಕಿಂತ ಫಿಂಗರ್‌ಗೆ ಒತ್ತುವುದು ಇಬ್ಬರೇ ನಡೆಸುವ ದೋಣಿಗೆ ಸುಲಭ. ಆದರೆ ತಿಂಗಳುಗಟ್ಟಲೆ ಒತ್ತಿ ನಿಂತರೆ ಫೆಂಡರ್ ಸವೆಯುತ್ತದೆ, ಬಣ್ಣ ಹೋಗುತ್ತದೆ. ನೀರಿನ ಸೆಳೆತ ಅಡ್ಡವಾಗಿ ಹರಿಯುವ ಬರ್ತ್ ಬೇಡವೇ ಬೇಡ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಒಂದು ನಾಟ್ ಸೆಳೆತ ಮುಳುಗಿದ ಭಾಗದ ಪ್ರತಿ ಚದರ ಮೀಟರಿಗೆ ಕೊಡುವ ತಳ್ಳು, ಹೆಚ್ಚುಕಡಿಮೆ 28 ನಾಟ್ ಗಾಳಿ ಅಷ್ಟೇ ಜಾಗಕ್ಕೆ ಕೊಡುವ ತಳ್ಳಿನಷ್ಟು.

ಒಳನುಗ್ಗುವ ಅಲೆಯ ಜಗ್ಗಾಟ ಎಲ್ಲಕ್ಕಿಂತ ಕೆಟ್ಟದ್ದು, ಮತ್ತು ಅದು ಬಿಸಿಲಿನ ಮಧ್ಯಾಹ್ನ ನೋಡಲು ಹೋದವರಿಗೆ ಕಾಣುವುದಿಲ್ಲ. ಆದರೆ ಗುರುತು ಬಿಟ್ಟಿರುತ್ತದೆ. ಅಲ್ಲಿ ಈಗಾಗಲೇ ಇರುವ ದೋಣಿಗಳ ಹಗ್ಗ ನೋಡಿ. ಕ್ಲೀಟ್ (ಹಗ್ಗ ಸುತ್ತಿ ಕಟ್ಟುವ ಲೋಹದ ಕೊಂಬು) ಮುಟ್ಟುವ ಜಾಗದಲ್ಲಿ ನೂಲು ಎದ್ದು ತುಪ್ಪಳದಂತಾಗಿದೆಯೇ? ಹಗ್ಗಕ್ಕೆ ಎಳೆತ ತಗ್ಗಿಸುವ ರಬ್ಬರ್ ಸ್ನಬ್ಬರ್ ಅಥವಾ ಉಕ್ಕಿನ ಸ್ಪ್ರಿಂಗ್ ಹಾಕಿದ್ದಾರೆಯೇ? ಹಗ್ಗದ ಬದಲು ಸರಪಳಿ ಕಟ್ಟಿದ್ದಾರೆಯೇ? ಪಾಂಟೂನನ್ನು ಹಿಡಿದಿರುವ ಉಕ್ಕಿನ ಕಂಬದಲ್ಲಿ ಒಂದು ಬದಿ ಮಾತ್ರ ಹೊಳೆಯುವಂತೆ ಸವೆದಿದೆಯೇ? ಸುಮ್ಮನೆ ಯಾರೂ ಹಗ್ಗಕ್ಕೆ ಸ್ಪ್ರಿಂಗ್ ಕೊಂಡು ಹಾಕುವುದಿಲ್ಲ. ತಡೆಗೋಡೆಯ ಬಾಯಿಗೆ ನೇರವಾಗಿರುವ ಹೊರಸಾಲು, ಫೆರ್ರಿ ಓಡಾಡುವ ಕಡೆಯ ತುದಿ, ಇಂಧನದ ಕಟ್ಟೆಯ ಪಕ್ಕ: ಇಂಥ ಜಾಗವೇ ಹೊಸಬರಿಗೆ ಸಿಗುವುದು ಹೆಚ್ಚು, ಯಾಕೆಂದರೆ ಹಳಬರು ಬಿಟ್ಟು ಒಳಗೆ ಸರಿದಿರುತ್ತಾರೆ. ಅದೇ ಹಿಡಿಯಬೇಕಾದರೆ ಒಳಗಿನ ಬರ್ತ್‌ನ ಸರದಿ ಪಟ್ಟಿಗೆ ಹೆಸರು ಬರೆಸಿಯೇ ಹಿಡಿಯಿರಿ.

ಕರೆಂಟು, ನೀರು, ಎತ್ತುವ ಯಂತ್ರ

ಯುರೋಪಿನ ಮರೀನಾಗಳಲ್ಲಿ 230 ವೋಲ್ಟ್, 16 ಆಂಪಿಯರ್‌ನ ನೀಲಿ ಸಾಕೆಟ್ ಸಾಮಾನ್ಯ. ಉತ್ತರ ಅಮೆರಿಕದಲ್ಲಿ 120 ವೋಲ್ಟ್, 30 ಆಂಪಿಯರ್‌ನ ತಿರುಗಿಸಿ ಕೂರಿಸುವ ಪ್ಲಗ್. ಪೆಟ್ಟಿಗೆಯ ಪ್ರತಿ ಸಾಕೆಟ್ಟಿಗೂ ಪ್ರತ್ಯೇಕ ಬ್ರೇಕರ್, 30 ಮಿಲಿಆಂಪಿಯರ್‌ನ ಸೋರಿಕೆ ರಕ್ಷಕ ಇದೆಯೇ ನೋಡಿ. ಕರೆಂಟಿನ ತಂತಿ ಹಾಕಿಟ್ಟ ಗಳಿಗೆಯಿಂದ ನಿಮ್ಮ ದೋಣಿಯ ಭೂಸಂಪರ್ಕವೂ ನೆರೆಯ ದೋಣಿಗಳದ್ದೂ ಒಂದೇ ಆಗುತ್ತದೆ. ಆಗ ಇಡೀ ಸಾಲೇ ಒಂದು ಬ್ಯಾಟರಿಯಾಗಿ ನಿಮ್ಮ ಸತುವಿನ ಆನೋಡ್ (ದೋಣಿಯ ಬೇರೆ ಲೋಹ ಸವೆಯದಂತೆ ತಾನೇ ಕರಗುವ ತುಂಡು) ನೆರೆಯವರ ಕಂಚನ್ನು ಕಾಯುತ್ತ ಕರಗುತ್ತದೆ. ಗ್ಯಾಲ್ವಾನಿಕ್ ಐಸೊಲೇಟರ್ ಒಂದನ್ನು ಭೂತಂತಿಯಲ್ಲಿ ಕೂರಿಸಿದರೆ ಈ ಸಣ್ಣ ವೋಲ್ಟೇಜ್ ನಿಲ್ಲುತ್ತದೆ. ಸಿಹಿನೀರಿನ ಮರೀನಾಕ್ಕೆ ಹೋಗುವುದಾದರೆ ಸತುವನ್ನು ತೆಗೆದು ಮೆಗ್ನೀಸಿಯಂ ಹಾಕಿ, ಸಿಹಿ-ಉಪ್ಪು ಬೆರೆತ ನೀರಿಗೆ ಅಲ್ಯುಮಿನಿಯಂ ಒಳ್ಳೆಯದು. ಕರೆಂಟು ಇರುವ ಪಾಂಟೂನಿನ ಬಳಿ, ಅದರಲ್ಲೂ ಸಿಹಿನೀರಿನಲ್ಲಿ, ಯಾರನ್ನೂ ಈಜಲು ಬಿಡಬೇಡಿ. ಸಿಹಿನೀರಿಗಿಂತ ಮನುಷ್ಯನ ಮೈಯಲ್ಲೇ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಸಣ್ಣ ಸೋರಿಕೆಯೂ ಸ್ನಾಯು ಸೆಟೆದು ಮುಳುಗಿಸುತ್ತದೆ.

ದೋಣಿ ಎತ್ತುವ ಯಂತ್ರದ ಸಾಮರ್ಥ್ಯ ಎಷ್ಟು ಟನ್, ಅದರ ಕಾಲುಗಳ ನಡುವಿನ ಅಗಲ ಎಷ್ಟು ಎಂದು ಕೇಳಿ. ಎತ್ತಿದ ಮೇಲೆ ನಿಮ್ಮ ಕೆಲಸ ನೀವೇ ಮಾಡಬಹುದೇ, ಹೊರಗಿನ ಮೆಕ್ಯಾನಿಕ್‌ನನ್ನು ಕರೆತರಬಹುದೇ ಎಂಬುದು ಇನ್ನೂ ಮುಖ್ಯ. ಕೆಲವೆಡೆ ಅಲ್ಲಿನ ಗುತ್ತಿಗೆದಾರರಿಗೆ ಮಾತ್ರ ಅವಕಾಶ, ಆಗ ಅಗ್ಗದ ಬಾಡಿಗೆಯ ಲಾಭ ಒಂದೇ ರಿಪೇರಿಯಲ್ಲಿ ಹೋಗುತ್ತದೆ. ಬ್ಲೂ ಫ್ಲಾಗ್ ಎಂಬ ನೀಲಿ ಬಾವುಟದ ಮಾನ್ಯತೆ ನೀರಿನ ಸ್ವಚ್ಛತೆ, ಕಸ ವಿಲೇವಾರಿ, ಸುರಕ್ಷತೆಯ ಏರ್ಪಾಡಿನ ಬಗ್ಗೆ ಭರವಸೆ ಕೊಡುತ್ತದೆ. ಜಗ್ಗಾಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬಾಡಿಗೆಯ ಲೆಕ್ಕ

ವರ್ಷದ ಬಾಡಿಗೆಯಷ್ಟನ್ನೇ ಪಕ್ಕಪಕ್ಕ ಇಡಬೇಡಿ. ಅದಕ್ಕೆ ಪ್ರಯಾಣದ ಖರ್ಚು, ಕರೆಂಟು, ಎತ್ತಿ ಇಳಿಸುವ ಶುಲ್ಕ, ಚಳಿಗಾಲ ಅಥವಾ ಮಳೆಗಾಲದಲ್ಲಿ ದಡದ ಮೇಲಿಡುವ ಬಾಡಿಗೆ, ಪಾರ್ಕಿಂಗ್ ಸೇರಿಸಿ, ದೋಣಿ ಬಳಸುವ ದಿನಗಳಿಂದ ಭಾಗಿಸಿ. ಹತ್ತಿರದ್ದು ಎಲ್ಲ ಸೇರಿ 100, ವರ್ಷಕ್ಕೆ 40 ದಿನ ಬಳಕೆ ಎಂದಾದರೆ ದಿನಕ್ಕೆ 2.5. ದೂರದ್ದು ಬಾಡಿಗೆ 70, ಪ್ರಯಾಣ 20, ಬಳಕೆ 22 ದಿನ ಎಂದಾದರೆ ದಿನಕ್ಕೆ 4ಕ್ಕೂ ಹೆಚ್ಚು. ಬಳಸುವ ದಿನಗಳನ್ನು ಅಂದಾಜು ಮಾಡುವಾಗ ಆಸೆಯನ್ನು ಬದಿಗಿಡಿ, ಉಬ್ಬರದ ಪಟ್ಟಿಯಲ್ಲಿ ಗುರುತು ಹಾಕಿದ ಶನಿವಾರಗಳಿಂದ ಶುರುಮಾಡಿ, ಅವುಗಳಲ್ಲಿ ಮನೆಯ ಸಮಾರಂಭ, ಕೆಟ್ಟ ಹವೆ ಕಳೆಯಿರಿ.

ನೋಡಲು ಯಾವಾಗ ಹೋಗಬೇಕು, ಕರಾರಿನಲ್ಲಿ ಏನು ಓದಬೇಕು

ಎರಡು ಸಲ ಹೋಗಿ. ಒಮ್ಮೆ ದೊಡ್ಡ ಉಬ್ಬರದ ದಿನದ ಇಳಿತದಲ್ಲಿ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ನೀರು ಅತಿ ಕೆಳಗಿರುತ್ತದೆ. ಆಗ ಹೂಳು, ಕಲ್ಲು, ಓಣಿಯ ನಿಜವಾದ ಅಗಲ ಕಣ್ಣಿಗೆ ಬೀಳುತ್ತವೆ. ದಡದಿಂದ ಪಾಂಟೂನಿಗೆ ಇಳಿಯುವ ಕಿರುಸೇತುವೆ ಎಷ್ಟು ಕಡಿದಾಗುತ್ತದೆ ಎಂಬುದೂ ತಿಳಿಯುತ್ತದೆ. 24 ಮೀಟರ್ ಸೇತುವೆ 6 ಮೀಟರ್ ಇಳಿದರೆ ಅದು 14 ಡಿಗ್ರಿ ಇಳಿಜಾರು. ನೀರಿನ ಕ್ಯಾನ್, ಬ್ಯಾಟರಿ ತುಂಬಿದ ಗಾಡಿಯನ್ನು ಒಬ್ಬರೇ ಎಳೆಯುವುದು ಕಷ್ಟ. ಇನ್ನೊಮ್ಮೆ, ಆ ಜಾಗಕ್ಕೆ ಅತಿ ಕೆಟ್ಟದೆನಿಸುವ ದಿಕ್ಕಿನಿಂದ ಗಾಳಿ ಬೀಸುವ ದಿನ. ಕಚೇರಿಯಲ್ಲಿ ಕೇಳುವುದಕ್ಕಿಂತ ಪಾಂಟೂನಿನ ಮೇಲೆ ಕೆಲಸ ಮಾಡುತ್ತಿರುವವರನ್ನು ಮಾತಾಡಿಸಿ: ಯಾವ ಸಾಲಿನಿಂದ ಜನ ಜಾಗ ಬದಲಿಸಿಕೊಳ್ಳುತ್ತಾರೆ, ಕಳ್ಳತನ ಉಂಟೇ, ರಾತ್ರಿ ಯಾರಿರುತ್ತಾರೆ. ಅನುಮಾನ ಉಳಿದರೆ ಕಡಿಮೆ ದರದ ಆಫ್ ಸೀಸನ್ ಕರಾರು ಹಿಡಿದು ಕೆಟ್ಟ ಹವೆಯ ತಿಂಗಳುಗಳನ್ನು ಅಲ್ಲಿ ಕಳೆಯಿರಿ. ರಜಾಕಾಲದ ನೂಕುನುಗ್ಗಲು ಆಗ ಕಾಣಿಸುವುದಿಲ್ಲ ಎಂಬುದು ನೆನಪಿರಲಿ.

ಕರಾರು ಸಾಮಾನ್ಯವಾಗಿ ಜಾಗದ ಗುತ್ತಿಗೆಯಲ್ಲ, ದೋಣಿ ನಿಲ್ಲಿಸುವ ಅನುಮತಿ ಮಾತ್ರ. ನಿಮ್ಮನ್ನು ಬೇರೆ ಬರ್ತ್‌ಗೆ ಸರಿಸುವ ಹಕ್ಕನ್ನು ಮರೀನಾ ಇಟ್ಟುಕೊಂಡಿರುತ್ತದೆ. ಅದೇ ಸಾಲು ಬೇಕೆಂದಿದ್ದರೆ ಬರಹದಲ್ಲಿ ಪಡೆಯಿರಿ. ದೋಣಿ ಮಾರಿದರೆ ಬರ್ತ್ ಕೊಂಡವರಿಗೆ ಹೋಗುವುದಿಲ್ಲ, ಕೆಲವೆಡೆ ಬರ್ತ್‌ನಲ್ಲಿದ್ದಾಗ ಮಾರಿದ್ದಕ್ಕೆ ಮಾರಾಟದ ಬೆಲೆಯ ಮೇಲೆ ಕಮಿಷನ್ ಕೇಳುತ್ತಾರೆ. ಬಾಕಿ ಉಳಿದರೆ ದೋಣಿಯನ್ನು ಹಿಡಿದಿಟ್ಟುಕೊಳ್ಳುವ ಕಲಮು ಹೆಚ್ಚಿನ ಕರಾರಿನಲ್ಲಿ ಇರುತ್ತದೆ. ಮೂರನೆಯವರ ಹಾನಿಗೆ ವಿಮೆ ಎಷ್ಟು ಮೊತ್ತದ್ದಿರಬೇಕು ಎಂದು ನೋಡಿ, ಸಹಿಗೆ ಮುಂಚೆ ವಿಮೆಯವರಿಗೆ ಬರ್ತ್‌ನ ಬಗೆ ತಿಳಿಸಿ. ಚಂಡಮಾರುತದ ಕಾಲದಲ್ಲಿ ದೋಣಿಯನ್ನು ಮೇಲೆತ್ತಲೇಬೇಕೆಂಬ ಷರತ್ತು ಅವರದ್ದಿದ್ದರೆ, ಎತ್ತುವ ಸರದಿಯಲ್ಲಿ ನಿಮಗೆ ಖಾತ್ರಿ ಜಾಗ ಉಂಟೇ ಎಂಬ ಉತ್ತರ ಮರೀನಾದಿಂದ ಬರಹದಲ್ಲಿ ಬರಬೇಕು. ವರ್ಷದ ನಡುವೆ ಬಿಟ್ಟುಹೋದರೆ ಹಣ ವಾಪಸ್ ಎಷ್ಟು, ಹೂಳೆತ್ತುವಾಗ ಬರ್ತ್ ಬಳಸಲಾಗದ ವಾರಗಳಿಗೆ ಬಾಡಿಗೆ ಕಡಿತ ಉಂಟೇ ಎಂಬೆರಡನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.